ಎರಡನೆಯ ಗುರುತು

ಅಕ್ಟೋಬರ್ 26, ಭಾನುವಾರ

ಪರದೆ ಏಳಲಿ! ರಂಗದ ಮೇಲೆ ಒಬ್ಬನೇ ಪಾತ್ರಧಾರಿ: ದೇವದಾಸ ತಿಂಗಳಾಯ. ವಯಸ್ಸು ಅರವತ್ತಾರು. ಅಂಚೆ ಕಚೇರಿಯಿಂದ ನಿವೃತ್ತ, ನಾಟಕದಿಂದ ಎಂದೆಂದಿಗೂ ಅಲ್ಲ! ಸ್ಥಳ, ಕಡಿಯಾಳಿಯ ಬಾಡಿಗೆ ಮನೆಯ ಮಹಡಿ. ಹಿನ್ನೆಲೆಯಲ್ಲಿ ಗೋಡೆ, ಗೋಡೆಯ ಮೇಲೆ ‘ಶ್ರೇಷ್ಠ ನಟ, ಕಾರ್ಕಳ, 2004’ ಎಂದು ಕೆತ್ತಿದ ಫಲಕ. ಪ್ರೇಕ್ಷಕರು ಯಾರೂ ಇಲ್ಲ. ಇಲ್ಲದಿದ್ದರೆ ಏನಾಯಿತು? ಮಳೆ ಬಂದು ಜನರೆಲ್ಲ ಎದ್ದುಹೋದ ಬಯಲಿನಲ್ಲಿಯೂ ಮೂರು ಅಂಕ ಮುಗಿಸಿ ಕೈಮುಗಿದವನು ನಾನು.

ಇಂದು ಕಾಪುವಿಗೆ ಹೋಗಿದ್ದೆ. ತಮ್ಮ ಬೂಬನ ಮಗಳು ಹರ್ಷಿಣಿಗೆ ಮದುವೆ ಗೊತ್ತಾಗಿದೆ, ನವೆಂಬರ್ 23ಕ್ಕೆ. ಮದುವೆಯ ಮೊದಲು ಮನೆಯಲ್ಲಿ ತೀರಿಹೋದವರಿಗೆಲ್ಲ ಎಲೆ ಹಾಕಿ ಬಡಿಸಬೇಕು, ಹೆಸರು ಹಿಡಿದು ಮದುವೆಗೆ ಕರೆಯಬೇಕು. ಅಪ್ಪನಿಗೆ ಒಂದು ಎಲೆ, ಅಮ್ಮನಿಗೆ ಒಂದು, ಸೋದರಮಾವನಿಗೆ ಒಂದು. ಬೂಬನಿಗೆ ಮಾತ್ರ ಇಪ್ಪತ್ತೊಂದು ವರ್ಷಗಳಿಂದ ಯಾರೂ ಎಲೆ ಹಾಕಿಲ್ಲ. ಒಬ್ಬನೇ ದೋಣಿ ತೆಗೆದುಕೊಂಡು ಹೋದವನು; ದೋಣಿಯೂ ಬರಲಿಲ್ಲ, ದೇಹವೂ ಬರಲಿಲ್ಲ. “ನೋಡದೆ ಹೇಗೆ ಎಲೆ ಹಾಕುವುದು?” ಎಂದು ಅವನ ಹೆಂಡತಿ ಸ್ವರ್ಣಲತಾ ಅಂದೇ ಹಟ ಹಿಡಿದಿದ್ದಳು. ಶಂಕರಪುರದ ಮಲ್ಲಿಗೆ ಕಟ್ಟಿ ಕಟ್ಟಿ ಮಗಳನ್ನು ಓದಿಸಿದಳು. ಆ ಹಟ ಮಾತ್ರ ಬಿಟ್ಟಿರಲಿಲ್ಲ.

ಇಂದು ಹೂವಿನಿಂದ ಕಣ್ಣೆತ್ತದೆಯೇ ಹೇಳಿದಳು: “ಭಾವ, ಈ ಸಲ ಅವರಿಗೂ ಎಲೆ ಹಾಕುವ. ಆದರೆ ಮೊದಲು ಅವರು ಹೋದ ಜಾಗಕ್ಕೆ ಹೋಗಿ ನಾನೇ ಕರೆಯಬೇಕು. ಮನೆಯಲ್ಲಿ ಕೂತು ಕರೆದರೆ ಅವರಿಗೆ ಹೇಗೆ ಕೇಳುವುದು?”

“ಸಮುದ್ರದಲ್ಲಿ ಜಾಗ ಎಲ್ಲಿ ಅಂತ ಹುಡುಕುವುದು ಸ್ವರ್ಣಾ?”

“ನೀವೇ ನೂರು ಸಲ ಹೇಳಿದ್ದೀರಲ್ವಾ, ಅವರು ಎರಡು ಗುರುತು ಕೊಟ್ಟಿದ್ದರು ಅಂತ?”

ಹೇಳಿದ್ದೇನೆ. ಸನ್ಮಾನ ಸಭೆಗಳಲ್ಲಿ, ಸಂಘದ ವಾರ್ಷಿಕೋತ್ಸವದಲ್ಲಿ, ಕೇಳಿದವರಿಗೆ, ಕೇಳದವರಿಗೆ. ಕಡಲಿನವರು ಜಾಗ ಕಟ್ಟುವುದು ಹೀಗೆ: ದಡದ ಮೇಲಿನ ಎರಡು ವಸ್ತುಗಳು ಒಂದರ ಹಿಂದೆ ಒಂದು ಬಂದು ನಿಂತರೆ ಒಂದು ಗೆರೆ. ಬೇರೆ ಎರಡು ಹಾಗೆಯೇ ನಿಂತರೆ ಇನ್ನೊಂದು ಗೆರೆ. ಎರಡು ಗೆರೆ ಕೂಡುವಲ್ಲಿ ದೋಣಿ. ಬೂಬ ಕೊನೆಯದಾಗಿ ನನಗೆ ಫೋನ್ ಮಾಡಿದ. ಆಹಾ, ಆ ಸಂಜೆ! ಕಾರ್ಕಳದ ನಾಟಕ ಸ್ಪರ್ಧೆ. ನಾನು ಅರಸನ ವೇಷದಲ್ಲಿ. ಫೋನಿನಲ್ಲಿ ಬಿರುಗಾಳಿಯ ಮೊರೆತ. “ಅಣ್ಣಾ! ಎಂಜಿನ್ ನಿಂತಿತು! ಕಾಪುವಿನ ದೀಪದ ಮನೆಯ ನೆತ್ತಿಯ ಹಿಂದೆ ಕುದುರೆಮುಖದ ಶಿಖರ! ಪಡುಬಿದ್ರಿಯ ನೀರಿನ ಟ್ಯಾಂಕಿಯ ಹಿಂದೆ ಕಾರ್ಕಳದ ಗೊಮ್ಮಟ!” ಅಷ್ಟರಲ್ಲಿ ಸಮುದ್ರರಾಜನು ಕರೆಯನ್ನು ಕತ್ತರಿಸಿದನು!

ಜನ ಇಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಸ್ವರ್ಣಲತಾ ಒರೆಸಿಕೊಳ್ಳಲಿಲ್ಲ. ಒಂದು ಮೊಗ್ಗು ಹೆಚ್ಚಿಗೆ ಬಿಗಿದಳು.

ಹರ್ಷಿಣಿ ಬಾಗಿಲಿನಲ್ಲಿ ನಿಂತಿದ್ದಳು. “ಎರಡು ಗೆರೆ ಉಂಟಲ್ವಾ ದೊಡ್ಡಪ್ಪ? ಸಾಕು. ನಕ್ಷೆಯಲ್ಲಿ ಎಳೆದುಬಿಡುವ.”

ಅಕ್ಟೋಬರ್ 29, ಬುಧವಾರ

ಎರಡನೆಯ ದೃಶ್ಯ, ಮಣಿಪಾಲ! ಹರ್ಷಿಣಿ ಅಲ್ಲಿಯ ಒಂದು ಕಾಲೇಜಿನಲ್ಲಿ ಉಪಗ್ರಹ ಚಿತ್ರ, ಭೂಪಟಗಳ ಪ್ರಯೋಗಾಲಯ ನೋಡಿಕೊಳ್ಳುತ್ತಾಳೆ. ಸಾಲು ಸಾಲು ಕಂಪ್ಯೂಟರು, ಚಳಿ ಹಿಡಿಸುವ ಎ.ಸಿ.

“ಯಾರಿಗೆ ಅರ್ಜಿ ಬರೆಯಬೇಕು? ತಾಲೂಕು ಕಚೇರಿಯಲ್ಲಿ ನನ್ನ ಶಿಷ್ಯನೊಬ್ಬ ಇದ್ದಾನೆ” ಎಂದೆ.

“ಯಾರಿಗೂ ಬೇಡ. ಸರ್ಕಾರದವರೇ ಹಾಕಿಟ್ಟಿದ್ದಾರೆ, ಬೇಕಾದವರು ತೆಗೆದುಕೊಳ್ಳಲಿ ಅಂತ. ಸರ್ವೆ ಆಫ್ ಇಂಡಿಯಾದ ನಕ್ಷೆಯ ಹಾಳೆ ಒಂದು ಕಡೆ, ಉಪಗ್ರಹ ಚಿತ್ರಗಳ ವೆಬ್‌ಸೈಟು ಭುವನ್‌ನಲ್ಲಿ ಗುಡ್ಡಗಳ ಎತ್ತರ ಇನ್ನೊಂದು ಕಡೆ. ನಿಮ್ಮ ಹೆಸರಿನಲ್ಲಿ ಖಾತೆ ತೆರೆಯುವ. ಮೊಬೈಲಿಗೆ ಒಂದು ನಂಬರ್ ಬಂತಾ? ಓದಿ.”

ಓದಿದೆ. ಆರು ಅಂಕೆ, ಪೂರ್ಣ ಕಂಠದಲ್ಲಿ, ಒಂದೊಂದಕ್ಕೂ ತಕ್ಕ ವಿರಾಮ ಕೊಟ್ಟು. ಇಡೀ ಲ್ಯಾಬು ತಿರುಗಿ ನೋಡಿತು.

“ದೊಡ್ಡಪ್ಪ, ಅದು ಗುಟ್ಟಿನ ನಂಬರ್.”

ಕಾಪುವಿನ ಹಾಳೆ ತೆರೆಯಿತು. ಎಡಗಡೆ ನೀಲಿ, ಬರೀ ನೀಲಿ. ಬಲ ಅಂಚಿನಲ್ಲಿ ಒಂದು ಪಟ್ಟಿ ನೆಲ. ಅದರಲ್ಲಿ ದೀಪದ ಮನೆಗೆ ಒಂದು ಪುಟ್ಟ ಚಿಹ್ನೆ. ನಮ್ಮ ಇಡೀ ಬಾಳು ನಡೆದದ್ದು ಆ ಅಂಚಿನಲ್ಲಿ! ಮತ್ತೆ ಗುಡ್ಡಗಳ ಎತ್ತರದ ಕಡತ ತೆರೆದಳು. ಮೊದಲು ಬರೀ ಬೂದು. “ಒಂದೊಂದು ಚುಕ್ಕಿಯೂ ಮೂವತ್ತು ಮೀಟರ್ ನೆಲ. ಕಪ್ಪಾದಲ್ಲಿ ತಗ್ಗು, ಬಿಳಿಯಾದಲ್ಲಿ ಎತ್ತರ” ಎಂದಳು. ಎಲ್ಲಕ್ಕಿಂತ ಬಿಳಿಯಾಗಿ ಬಲಗಡೆ ನಿಂತಿತ್ತು ಕುದುರೆಮುಖ.

ಅಪ್ಪ ಹೋದಾಗ ಈ ಹುಡುಗಿಗೆ ಎರಡು ವರ್ಷ. ಅವನ ಮುಖ ಅವಳಿಗೆ ಫೋಟೋದಿಂದ ಗೊತ್ತು. ಅವನ ಮಾತು ನನ್ನ ಬಾಯಿಯಿಂದ ಗೊತ್ತು.

ನವೆಂಬರ್ 2, ಭಾನುವಾರ

ಏನೆಂದು ಬರೆಯಲಿ! ಯಂತ್ರಕ್ಕೆ ನಾಚಿಕೆ ಇಲ್ಲ!

ಕಾಪುವಿನ ಜಗಲಿಯಲ್ಲಿ ಹರ್ಷಿಣಿ ಲ್ಯಾಪ್‌ಟಾಪ್ ಇಟ್ಟಳು. ಕುದುರೆಮುಖದಿಂದ ದೀಪದ ಮನೆಗೆ ಕೆಂಪು ಗೆರೆ ಎಳೆದಳು; ಅದು ದೀಪದ ಮನೆ ದಾಟಿ, ಸ್ವಲ್ಪ ಉತ್ತರಕ್ಕೆ ಓರೆಯಾಗಿ, ನೀಲಿಯ ಒಳಗೆ ಹೋಯಿತು. “ಇದು ಚಂದ” ಎಂದಳು. ಗೊಮ್ಮಟನಿಂದ ಪಡುಬಿದ್ರಿಯ ಟ್ಯಾಂಕಿಗೆ ಹಳದಿ ಗೆರೆ. ಅದು ದಕ್ಷಿಣಕ್ಕೆ ಓರೆಯಾಗಿ ನೀಲಿಗೆ ಇಳಿಯಿತು.

ಮುಂದೆ ಹೋದಷ್ಟೂ ಎರಡೂ ಗೆರೆ ದೂರ ದೂರ. ಅವಳು ನಕ್ಷೆಯನ್ನು ಎಡಕ್ಕೆ ಸರಿಸಿದಳು, ಇನ್ನೂ ಸರಿಸಿದಳು. ಅರಬ್ ದೇಶದವರೆಗೆ ಹೋದರೂ ಅವು ಸೇರುವುದಿಲ್ಲ. ಕೊನೆಗೆ ಬಲಕ್ಕೆ ಸರಿಸಿದಳು. ಗೆರೆಗಳು ಒಂದನ್ನೊಂದು ದಾಟಿದ್ದು ನೆಲದ ಮೇಲೆ, ಕಾರ್ಕಳದ ದಾರಿಯಲ್ಲಿ.

“ಅಪ್ಪ ನಿಟ್ಟೆಯ ಗದ್ದೆಯಲ್ಲಿ ಮುಳುಗಿದರಾ ದೊಡ್ಡಪ್ಪ?”

ತಮಾಷೆಗೆ ಹೇಳಿದಳು. ಅವಳ ತಾಯಿಯ ಕೈ ಹೂವಿನ ಮೇಲೆ ನಿಂತಿತು.

“ಸರ್ಕಾರದ ನಕ್ಷೆ!” ಎಂದು ನಾನು ಗುಡುಗಿದೆ. “ಕೋಣೆಯಲ್ಲಿ ಕೂತು ಬರೆದವರಿಗೆ ಕಡಲು ಏನು ಗೊತ್ತು!”

“ಕಡಲು ಬೇಡ. ಗೊಮ್ಮಟನನ್ನು ಯಾರೂ ಸರಿಸಿಲ್ಲವಲ್ಲ?” ಎಂದಳು ಹರ್ಷಿಣಿ.

ನವೆಂಬರ್ 3, ಸೋಮವಾರ

ಹಾಳೆಗಳನ್ನು ಉಡುಪಿಯಲ್ಲಿ ಪ್ರಿಂಟ್ ಹಾಕಿಸಿ, ಅಂಟಿಸಿ, ನೆಲದ ಮೇಲೆ ಹರಡಿದೆ. ಉದ್ದದ ಮರದ ಪಟ್ಟಿ, ಪೆನ್ಸಿಲ್. ಮಂಡಿಯೂರಿ ಐದು ಸಲ ಎಳೆದೆ.

ಐದು ಸಲವೂ ನಿಟ್ಟೆ.

ನವೆಂಬರ್ 6, ಗುರುವಾರ

ಕಾಪುವಿನ ಮನೀಶನ ಹತ್ತಿರ ಹೋದೆ. ಅವನ ದೋಣಿಯಲ್ಲಿಯೇ ಹೋಗುವುದೆಂದು ಮಾತಾಗಿದೆ. ಅವನ ತಂದೆ, ಅಂದು ಬೂಬನನ್ನು ನಾಲ್ಕು ದಿನ ಹುಡುಕಿದವರಲ್ಲಿ ಒಬ್ಬ. ಮನೀಶ ಬಲೆಯ ಹರಕು ನೇಯುತ್ತ ಕೂತಿದ್ದ. ಗುರುತುಗಳನ್ನು ಹೇಳಿದೆ. ಅವನು ನಕ್ಕುಬಿಟ್ಟ.

“ಗೊಮ್ಮಟನಾ? ಕಡಲಿನಿಂದಲಾ? ಎಂತ ಮಾರಾಯ್ರೆ, ನನ್ನ ಅಜ್ಜನೂ ಕಂಡಿಲ್ಲ. ಅಲ್ಲಿಂದ ಗೊಮ್ಮಟ ಕಂಡರೆ ನಾನು ದಿನಾ ಕೈಮುಗಿದೇ ಬಲೆ ಬಿಡುತ್ತಿದ್ದೆ!”

“ನಿನ್ನ ಅಪ್ಪನಿಗೆ ಅಂದು ನಾನು ಗೊಮ್ಮಟ ಹೇಳಿದ್ದೆನಾ?”

“ಇಲ್ಲ. ಲೈಟ್‌ಹೌಸ್, ಕುದುರೆಮುಖ ಇಷ್ಟೇ. ಆಮೇಲೆ ಕರೆ ಕಡಿಯಿತು ಅಂದಿರಂತೆ. ಒಂದೇ ಗುರುತು ಹಿಡಿದುಕೊಂಡು ನಾಲ್ಕು ದಿನ ತಿರುಗಿದೆವು ಅಂತ ಅಪ್ಪ ಈಗಲೂ ಹೇಳುತ್ತಾರೆ.”

ಗೊಮ್ಮಟ ನಂತರ ಬಂದದ್ದು. ಒಂದು ಸಭೆಯಲ್ಲಿ ಹೇಳುವಾಗ ತಾನಾಗಿ ಬಾಯಿಗೆ ಬಂತು. ಕಾರ್ಕಳದ ವೇದಿಕೆ, ಕಾರ್ಕಳದ ಗೊಮ್ಮಟ, ಚಪ್ಪಾಳೆ ಬಂತು. ಮರುವರ್ಷ ಟ್ಯಾಂಕಿ ಸೇರಿಕೊಂಡಿತು. ಕಲೆಯಲ್ಲಿ ಇಷ್ಟು ಇರುತ್ತದೆ.

ಹರ್ಷಿಣಿಗೆ ಫೋನ್ ಮಾಡಿ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಹಳದಿ ಗೆರೆ ಅಳಿಸಿದೆ ಎಂದಳು. ಆಮೇಲೆ ಕೇಳಿದಳು: “ಹಾಗಾದರೆ ಅಪ್ಪ ಎರಡನೆಯದು ಹೇಳಲೇ ಇಲ್ಲವಾ? ಕಡಲಿನವರು ಒಂದೇ ಗುರುತು ಕೊಟ್ಟು ಸುಮ್ಮನಾಗುವುದು ಉಂಟಾ?”

“ಕರೆ ಕಡಿಯಿತಲ್ಲ.”

“ಯಾವ ಕಡೆಯಿಂದ?”

ನಾಟಕದವರ ಮುಖಕ್ಕೆ ಬಣ್ಣ ಹಚ್ಚುವ ಅಲೆಕ್ಸಾಂಡರ್ ಅಂದು ನನ್ನ ಪಕ್ಕದಲ್ಲೇ ಇದ್ದ. ಅವನನ್ನು ಕೇಳಿದರೆ ಆಯಿತು. ಸಾಕ್ಷಿ ಇರುವಾಗ ನನಗೇನು ಹೆದರಿಕೆ?

ನವೆಂಬರ್ 9, ಭಾನುವಾರ

ಕಾರ್ಕಳ. ಅಲೆಕ್ಸಾಂಡರನ ಮನೆ ಹುಡುಕಲು ಕಷ್ಟವಾಗಲಿಲ್ಲ. ಎಪ್ಪತ್ತೆಂಟಾಗಿದೆ. ನನ್ನನ್ನು ಕಂಡು ಎದ್ದು ನಿಂತ.

“ಅರಸರು ಬಂದರು! ಐರಿನ್, ಚಾ ಇಡು. ಮೀಸೆ ಎಲ್ಲಿ ದೇವಣ್ಣ? ನಾನು ಅಂಟಿಸಿದ್ದು ಬಿದ್ದುಹೋಯಿತಾ?”

ಐರಿನ್‌ಬಾಯಿ, ಅವನ ಹೆಂಡತಿ, ಒಳಗಿನಿಂದಲೇ ಹೇಳಿದರು: “ಇವರು ಅಂಟಿಸಿದ್ದು ಒಂದಾದರೂ ನಿಂತದ್ದುಂಟಾ?”

ಚಾ ಕುಡಿದೆವು. ಕೇಳಿದೆ. ನೆನಪಿರಲಾರದು ಎಂದುಕೊಂಡಿದ್ದೆ. ಅವನಿಗೆ ಎಲ್ಲವೂ ನೆನಪಿತ್ತು.

“ಸಂಜೆ ಐದೂವರೆಯ ಆಟ. ನಿಮ್ಮ ಗಡ್ಡಕ್ಕೆ ಗೋಂದು ಹಚ್ಚುತ್ತಿದ್ದೆ. ಫೋನ್ ಬಂತು. ನೀವು ಹ್ಞೂಂ, ಹ್ಞೂಂ ಅಂದಿರಿ. ಲೈಟ್‌ಹೌಸ್, ಕುದುರೆಮುಖ ಅಂತ ಎಂತದೋ ನೀವೂ ಹೇಳಿದಿರಿ. ಅಷ್ಟರಲ್ಲಿ ಮೂರನೇ ಬೆಲ್.”

“ಆಗ ಕರೆ ಕಡಿಯಿತು.”

“ಕಡಿಯಲಿಲ್ಲ ದೇವಣ್ಣ.”

ಅವನು ಲೋಟ ಕೆಳಗಿಟ್ಟ.

“‘ಬೂಬಾ, ಬೆಲ್ ಆಯಿತು, ಆಟ ಮುಗಿದ ಮೇಲೆ ಮಾಡುತ್ತೇನೆ, ದೋಣಿಯ ನೀರು ಎತ್ತಿ ಹೊರಗೆ ಹಾಕುತ್ತಿರು’ ಅಂತ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟು ಓಡಿದಿರಿ. ಅವನು ಅದರಲ್ಲಿ ಮಾತಾಡುತ್ತಲೇ ಇದ್ದ. ಕಡಲಿನ ಮಾತು, ನನಗೆಂತ ಗೊತ್ತಾಗುವುದು? ಕೈಯೆಲ್ಲ ಗೋಂದು. ‘ಅಣ್ಣ ಸ್ಟೇಜಿಗೆ ಹೋದರು’ ಅಂತ ಹೇಳಿ ನಾನೇ ಒತ್ತಿ ಬಂದ್ ಮಾಡಿದ್ದು. ಸುದ್ದಿ ಗೊತ್ತಾದ ಮೇಲೆ ಇಗರ್ಜಿಯಲ್ಲಿ ಪಾದ್ರಿಯ ಎದುರು ಹೇಳಿಕೊಂಡೆ. ನಿಮಗೆ ಹೇಳುವ ಧೈರ್ಯ ಬರಲಿಲ್ಲ. ನೀವು ಕಡಿಯಿತು ಅಂತ ಹೇಳುತ್ತಿದ್ದಿರಿ. ನನ್ನನ್ನು ಉಳಿಸಲಿಕ್ಕೆ ಹೇಳುತ್ತೀರಿ ಅಂತ ತಿಳಿದೆ.”

ಇಪ್ಪತ್ತೊಂದು ವರ್ಷ ಅವನು ಹಾಗೆ ತಿಳಿದಿದ್ದಾನೆ.

ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ನಿಟ್ಟೆಯಲ್ಲಿ ಯಾರೋ ಇಳಿದರು. ಗದ್ದೆ ಕೊಯ್ಲಾಗಿತ್ತು.

ನವೆಂಬರ್ 10, ಸೋಮವಾರ

ಗೋಡೆಯಿಂದ ಫಲಕ ಇಳಿಸಿದೆ. ಅದರ ಹಿಂದೆ ಬಣ್ಣ ಮಾಸಿಲ್ಲ.

ನವೆಂಬರ್ 13, ಗುರುವಾರ

ಕಾಪುವಿಗೆ ಹೋದೆ. ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಮೊದಲು ಇದು, ನಂತರ ಇದು ಎಂದು. ಜಗಲಿ ಹತ್ತಿದಾಗ ಒಂದೂ ಇರಲಿಲ್ಲ. ಸ್ವರ್ಣಲತಾ, ಹರ್ಷಿಣಿ ಇಬ್ಬರೂ ಇದ್ದರು.

ಹೇಳಿದೆ. ಕರೆ ಕಡಿಯಲಿಲ್ಲ, ನಾನು ಬಿಟ್ಟುಹೋದೆ. ಅವನು ಇನ್ನೂ ಹೇಳುತ್ತಿದ್ದ. ನಾನು ಕೇಳಲಿಲ್ಲ. ಆಟ ಮುಗಿದು ಬಹುಮಾನ ತೆಗೆದುಕೊಂಡು ಬಂದು ಫೋನ್ ಮಾಡಿದೆ, ಆಗ ಕರೆ ಹೋಗಲಿಲ್ಲ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.

ಸ್ವರ್ಣಲತಾ ಮೊಗ್ಗು, ನಾರು ಬದಿಗಿಟ್ಟಳು. ಅಳಲಿಲ್ಲ.

“ಅವರ ಸ್ವರ ಹೇಗಿತ್ತು, ಭಾವ? ಹೆದರಿದ್ದರಾ?”

ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೇಳುವುದಕ್ಕೆ ನಾನು ಜಾಗ ಬಿಟ್ಟಿರಲಿಲ್ಲ.

“ಇಲ್ಲ. ಗಾಳಿ ಇನ್ನೂ ಎದ್ದಿರಲಿಲ್ಲ. ಮನೆಯಿಂದ ಮಾತಾಡಿದ ಹಾಗೆ ಇತ್ತು. ಬಿರುಗಾಳಿ ನಾನು ಸೇರಿಸಿದ್ದು. ಸಂಜೆಯ ಬಿಸಿಲು ಶಿಖರಕ್ಕೆ ಹೊಡೆದಿದೆ, ಚಂದ ಕಾಣುತ್ತದೆ ಎಂದ.”

ಅವಳು ತಲೆ ಆಡಿಸಿದಳು. “ಅವರು ಹಾಗೆಯೇ ಮಾತಾಡುವುದು.” ಮತ್ತೆ, “ಆ ಒಂದು ಗೆರೆಯಾದರೂ ನಿಜವಾ?”

ನಾನು ಬಾಯಿ ತೆರೆಯುವ ಮೊದಲು ಹರ್ಷಿಣಿ ಲ್ಯಾಪ್‌ಟಾಪ್ ತಂದಳು. ಕೆಂಪು ಗೆರೆಯ ಉದ್ದಕ್ಕೆ ನೆಲವನ್ನು ಕೊಯ್ದು ಪಕ್ಕದಿಂದ ನೋಡಿದ ಹಾಗೆ ಒಂದು ಚಿತ್ರ ತೆಗೆದಳು. ದಡ, ಸಣ್ಣ ಗುಡ್ಡ, ತಗ್ಗು, ಮತ್ತೆ ಗುಡ್ಡ, ಕೊನೆಗೆ ಎಲ್ಲವನ್ನೂ ದಾಟಿ ಎದ್ದ ಶಿಖರ. “ನಡುವೆ ಯಾವುದೂ ಅಡ್ಡ ಇಲ್ಲಮ್ಮ. ಈ ಗೆರೆಯ ಮೇಲೆ ಎಲ್ಲಿ ನಿಂತರೂ ಲೈಟ್‌ಹೌಸಿನ ಹಿಂದೆ ಅದೇ ಕಾಣಬೇಕು. ಫೋನಿಗೆ ಸಿಗ್ನಲ್ ಸಿಕ್ಕಿತ್ತು ಅಂದರೆ ದಡದಿಂದ ಹತ್ತು ಮೈಲಿಯ ಒಳಗೇ ಇದ್ದರು. ಜಾಗ ಗೊತ್ತಾಗುವುದಿಲ್ಲ. ಗೆರೆ ಮಾತ್ರ ಉಂಟು.”

ನಾನು ಹೇಳಿದ ಒಂದು ಮಾತನ್ನು ಸರ್ಕಾರದ ಕಡತ ನಿಜ ಎಂದಿತು. ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

“ಹಾಗಾದರೆ ಗೆರೆ ಪೂರ್ತಿ ಹೋಗುವ” ಎಂದಳು ಸ್ವರ್ಣಲತಾ. “ಎಲ್ಲೋ ಒಂದು ಕಡೆ ಅವರನ್ನು ದಾಟಿಯೇ ದಾಟುತ್ತೇವೆ.”

ನಾನು ಹೊರಡುವಾಗ ಅವಳು ಮೆಟ್ಟಿಲವರೆಗೆ ಬಂದಳು.

“ಭಾವ, ಇನ್ನು ಎಲ್ಲಿಯೂ ಆ ಕಥೆ ಹೇಳಬೇಡಿ.”

“ಇಲ್ಲ.”

ನವೆಂಬರ್ 16, ಭಾನುವಾರ

ಬೆಳಕು ಹರಿದ ಮೇಲೆ ಹೊರಟೆವು. ಮನೀಶ, ಸ್ವರ್ಣಲತಾ, ಹರ್ಷಿಣಿ, ನಾನು. ಬುಟ್ಟಿಯಲ್ಲಿ ಬಾಳೆ ಎಲೆಯ ಕೆಳಗೆ ಮಲ್ಲಿಗೆ. ಮೂರು ದಿನ ಅವಳು ಮಾರಲು ಕಟ್ಟಲಿಲ್ಲ, ಇದಕ್ಕೇ ಕಟ್ಟಿದಳು. ಹರ್ಷಿಣಿ ಗೆರೆಯನ್ನು ಮನೀಶನ ಜಿಪಿಎಸ್‌ಗೆ ಹಾಕಿಕೊಟ್ಟಿದ್ದಳು.

ಮನೀಶ ಹೇಳಿದ: “ಈ ಡಬ್ಬಿ ಇರಲಿ. ದೇವಣ್ಣ, ನೀವು ಹಿಂದಕ್ಕೆ ಮುಖ ಮಾಡಿ ಕೂತು ದಡ ನೋಡಿ. ಶಿಖರ ಎಡಕ್ಕೋ ಬಲಕ್ಕೋ ಜಾರಿದರೆ ಹೇಳಿ.”

ಕೂತೆ. ದಡ ಕೆಳಗಾಯಿತು. ಬಂಡೆಯ ಮೇಲೆ ದೀಪದ ಮನೆ ಕಡ್ಡಿಯಷ್ಟಾಯಿತು. ಅದರ ಹಿಂದೆ ಮಬ್ಬು ಹರಿದು ಕುದುರೆಮುಖ ಎದ್ದಿತು. ಇಷ್ಟು ವರ್ಷ ಅದರ ಹೆಸರು ಹೇಳಿದ್ದೇನೆ, ಇಲ್ಲಿಂದ ನೋಡಿರಲಿಲ್ಲ.

“ಎಡಕ್ಕೆ” ಎಂದೆ. ಮನೀಶ ತಿರುಗಿಸಿದ. ಸರಿ ಬಂತು.

“ಬಲಕ್ಕೆ.”

ಹೋಗುವಾಗ ದಾರಿಯುದ್ದಕ್ಕೂ ನಾನು ಆಡಿದ್ದು ಈ ಎರಡು ಶಬ್ದ. ಸ್ವರ್ಣಲತಾ ಒಂದೊಂದು ಮೊಳ ಹೂ ಕತ್ತರಿಸಿ ನೀರಿಗೆ ಬಿಡುತ್ತ ಬಂದಳು. ತುಸು ದೂರಕ್ಕೆ ಒಂದೊಂದು. ದೋಣಿಯ ಹಿಂದೆ ಬಿಳಿ ಚೂರುಗಳು ದೀಪದ ಮನೆಯವರೆಗೆ ಸಾಲಾಗಿ ನಿಂತವು. ಹರ್ಷಿಣಿ ತಾಯಿಯ ಸೆರಗು ಹಿಡಿದು ಕೂತಿದ್ದಳು.

ಹತ್ತು ಮೈಲಿಗೆ ಎಂಜಿನ್ ನಿಲ್ಲಿಸಿದ. ಸ್ವರ್ಣಲತಾ ಎದ್ದು ನಿಂತು ಕರೆಯಲು ನೋಡಿದಳು. ಎರಡು ಸಲ ಬಾಯಿ ತೆರೆದಳು. ಸ್ವರ ಬರಲಿಲ್ಲ. ಕೂತುಬಿಟ್ಟಳು.

“ಭಾವ, ನಿಮ್ಮ ಸ್ವರ ದೊಡ್ಡದಲ್ವಾ. ನೀವು ಕರೆಯಿರಿ.”

ನಾನು ಎದ್ದೆ. ದೋಣಿ ಅಲುಗಿತು, ಮನೀಶ ತೋಳು ಹಿಡಿದ.

“ಬೂಬಾ” ಎಂದೆ. “ಹರ್ಷಿಣಿಗೆ ಮದುವೆ, 23ಕ್ಕೆ. ಮಂಗಳವಾರ ಮನೆಯಲ್ಲಿ ಎಲೆ ಹಾಕುತ್ತೇವೆ. ಬಾ.”

ಅಷ್ಟೇ ಬಂತು. ದೊಡ್ಡದಾಗಿಯೂ ಇರಲಿಲ್ಲ. ಮರಳುವಾಗ ಹೂವಿನ ಪಕ್ಕದಲ್ಲಿಯೇ ಬಂದೆವು. ಒಂದನ್ನೂ ತುಳಿಯದ ಹಾಗೆ ಮನೀಶ ನಡೆಸಿದ.

ನವೆಂಬರ್ 18, ಮಂಗಳವಾರ

ನಾಲ್ಕು ಎಲೆ ಹಾಕಿದೆವು. ನಾಲ್ಕನೆಯದಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ, ಕೋಳಿ, ರೊಟ್ಟಿ. ಗಸಿಗೆ ಹುಳಿ ಸ್ವಲ್ಪ ಮುಂದಿರಬೇಕು ಅವನಿಗೆ. ಸ್ವರ್ಣಲತಾ ಮರೆತಿರಲಿಲ್ಲ. ಅಲೆಕ್ಸಾಂಡರನಿಗೆ ಹೇಳಿ ಕಳಿಸಿದ್ದೆ. ಬಂದು ಜಗಲಿಯಲ್ಲಿ ಕೂತಿದ್ದ.

ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು. ತೀರಿಹೋದವರು ಉಂಡು ಮುಗಿಸುವಷ್ಟು ಹೊತ್ತು ಹೊರಗೆ ನಿಂತು, ಮತ್ತೆ ಬಾಗಿಲು ತಟ್ಟಿ ಒಳಗೆ ಹೋಗುವುದು ಕ್ರಮ. ಪ್ರತಿ ಸಲ ಈ ಹೊತ್ತಿನಲ್ಲಿ ನಾನು ಏನಾದರೂ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆನಂತೆ. “ಇವತ್ತು ಎಂತ ದೊಡ್ಡಪ್ಪ, ಹುಷಾರಿಲ್ಲವಾ?” ಎಂದು ಹರ್ಷಿಣಿ ಕೇಳಿದಳು. ಇದ್ದೇನೆ ಎಂದೆ.

ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ಒಳಗೆ ಯಾವ ಸದ್ದೂ ಇರಲಿಲ್ಲ. ಯಾರೋ ಕುರ್ಚಿ ತಂದು ಕೂರಿ ಎಂದರು. ಕೈ ಎತ್ತಿ, ಸುಮ್ಮನಿರಿ ಎಂದೆ.

ಸ್ವರ್ಣಲತಾ ಬಂದು ಬಾಗಿಲು ತಟ್ಟುವವರೆಗೂ ಅಲ್ಲಿಯೇ ಕಿವಿಯಿಟ್ಟು ನಿಂತಿದ್ದೆ.